ಚೌಕಿಗೂ ಸಲ್ಲಬೇಕಾದ ಹೊತ್ತು

ಯಕ್ಷಗಾನ ಬಯಲಾಟವು ಬೆಳಗಿನ ತನಕ ನಡೆಯಬೇಕೆ, ಇಲ್ಲವೆ ಮೂರು ನಾಲ್ಕು ಗಂಟೆಗಳ ಕಾಲಮಿತಿಗೆ ಒಳಪಡಬೇಕೆ ಎಂಬ ಚರ್ಚೆ ಕರಾವಳಿಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳ ಬಿಸಿ ಮೇಳಗಳಿಗೆ ತಟ್ಟಿದ ಮೇಲಂತೂ ಅದು ಮತ್ತಷ್ಟು ಕಾವೇರಿದೆ. ಪ್ರೇಕ್ಷಕರ ನಿದ್ರೆ, ಮರುದಿನದ ಉದ್ಯೋಗ, ನೆರೆಹೊರೆಯ ನೆಮ್ಮದಿ, ಪರಂಪರೆಯ ಗೌರವ, ಎಲ್ಲವೂ ಅಲ್ಲಿ ವಿಚಾರಕ್ಕೆ ಬಂದಿವೆ. ಆದರೆ ಆ ಲೆಕ್ಕದಲ್ಲಿ ಜಮೆಯಾಗುವುದು ರಂಗಸ್ಥಳದ ಗಂಟೆಗಳು ಮಾತ್ರ; ರಂಗಸ್ಥಳದ ಹಿಂದೆ, ಮಡಲ ತಟ್ಟಿಯ ಮರೆಯಲ್ಲಿಯೊ ಸಭಾಭವನದ ಉಗ್ರಾಣದಲ್ಲಿಯೊ ಇರುವ ಚೌಕಿಯ ಗಂಟೆಗಳನ್ನು ಯಾರೂ ಎಣಿಸಿದಂತೆ ಕಾಣೆ.

ಚೌಕಿಯೆಂದರೆ ಕೇವಲ ಬಟ್ಟೆ ಬದಲಿಸುವ ಕೋಣೆಯಲ್ಲ. ಒಂದು ತುದಿಯಲ್ಲಿ ದೀಪದ ಮುಂದೆ ಗಣಪತಿಯೊ ಮೇಳದ ಆರಾಧ್ಯದೇವತೆಯೊ ನೆಲೆಗೊಂಡು, ಅಲ್ಲಿಂದ ಎರಡು ಸಾಲಾಗಿ ವೇಷದ ಪೆಟ್ಟಿಗೆಗಳು ಹರಡಿ, ಯಾರು ಎಲ್ಲಿ ಕುಳಿತುಕೊಳ್ಳತಕ್ಕದ್ದೆಂಬುದು ಅವರವರ ಸ್ಥಾನಮಾನಕ್ಕೆ ತಕ್ಕಂತೆ ನಿಶ್ಚಯವಾಗಿರುವ ಒಂದು ಸಣ್ಣ ರಾಜ್ಯವದು. ಹೊರಗೆ ಮುಸ್ಸಂಜೆಯಲ್ಲಿ ಕೇಳಿ ಬಡಿದು ಊರಿಗೆಲ್ಲ ಆಟದ ಸುದ್ದಿಯನ್ನು ಸಾರುವ ವೇಳೆಗೆ ಒಳಗೆ ಮದ್ದಳೆಯವರು ಬಾರುಗಳನ್ನು ಬಿಗಿದು ಭಾಗವತರ ಶ್ರುತಿಗೆ ವಾದ್ಯವನ್ನು ಕೂಡಿಸುತ್ತಿರುತ್ತಾರೆ. ಪೂಜೆಯಾಗಿ ಪ್ರಸಾದ ಹಂಚಿದ ಬಳಿಕ ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟುವವರು, ಎದೆಕಟ್ಟು, ಭುಜಕೀರ್ತಿ, ಕರ್ಣಪತ್ರಗಳನ್ನು ಸಹಾಯಕನ ಕೈಯಿಂದ ಬಿಗಿಸಿಕೊಳ್ಳುವವರು, ಎಲ್ಲರೂ ತಮ್ಮತಮ್ಮ ಕನ್ನಡಿಯಲ್ಲಿ ಮಗ್ನರು.

ಇವರಲ್ಲಿ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಬಣ್ಣದ ವೇಷಧಾರಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ನುಣ್ಣಗೆ ಕಲಸಿದ ಹಿಟ್ಟನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಬೊಟ್ಟಿನ ಪಕ್ಕ ಬೊಟ್ಟಿಟ್ಟು, ಒಂದು ಸಾಲು ಆರಿದ ಮೇಲೆ ಅದರ ಮೇಲೊಂದು ಸಾಲನ್ನೆತ್ತಿ, ಮುಳ್ಳುಮುಳ್ಳಾದ ಚಿಟ್ಟಿಯನ್ನು ಆತ ತನ್ನ ಮುಖದ ಮೇಲೆ ತಾನೇ ಕಟ್ಟುತ್ತಾನೆ. ಆ ಹೊತ್ತಿನಲ್ಲಿ ನಗುವಂತಿಲ್ಲ, ಮಾತಾಡಿದರೂ ಅರ್ಧ ತುಟಿಯಲ್ಲಿ. ಹೀಗೆ ಗಂಟೆಗಟ್ಟಲೆ ಕುಳಿತವನು ರಾವಣನಾಗಿಯೊ ಮಹಿಷಾಸುರನಾಗಿಯೊ ಏಳುತ್ತಾನಲ್ಲದೆ ಕುಳಿತಾಗ ಇದ್ದ ಮನುಷ್ಯನಾಗಿ ಅಲ್ಲ. ಈ ಮುಖವರ್ಣಿಕೆಯ ಹಾಗೂ ವೇಷಭೂಷಣದ ಮಹತ್ತ್ವವನ್ನು ವಿದ್ವತ್ಪ್ರಪಂಚಕ್ಕೆ ಮನಗಾಣಿಸಿದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಆದರೆ ಚಿತ್ರ ಬರೆದು ದಾಖಲಿಸಿದ ಮಾತ್ರಕ್ಕೆ ಬಣ್ಣ ಉಳಿಯಲಾರದು. ಬರೆದುಕೊಳ್ಳಲು ಹೊತ್ತು ಬೇಕು.

ಆ ಹೊತ್ತನ್ನು ಇಡೀ ರಾತ್ರಿಯ ಆಟವು ತನ್ನ ಕಟ್ಟೋಣದಲ್ಲಿಯೇ ಒದಗಿಸಿಕೊಟ್ಟಿತ್ತೆಂಬುದನ್ನು ನಾವು ಮರೆತಿದ್ದೇವೆ. ಕೋಡಂಗಿ ಕುಣಿದು, ಬಾಲಗೋಪಾಲರು ಬಂದು, ಸ್ತ್ರೀವೇಷವಾಗಿ, ಒಡ್ಡೋಲಗ ಮುಗಿದು ಕಥೆ ಬಿರುಸುಗೊಳ್ಳುವ ತನಕ, ನಡುರಾತ್ರಿಯ ಮೇಲೆ ಪ್ರವೇಶಿಸತಕ್ಕ ರಕ್ಕಸನಿಗೆ ಚೌಕಿಯಲ್ಲಿ ಧಾರಾಳ ಸಮಯ. ಕಥೆಗೆ ಮುಂಚಿನ ಈ ಪೂರ್ವರಂಗವು ಎಳೆಯರಿಗೆ ಪಾಠಶಾಲೆ, ಹಿರಿಯರಿಗೆ ಬಿಡುವು. ಕಾಲಮಿತಿಯಲ್ಲಿ ಪೂರ್ವರಂಗವೇ ಮೊಟಕಾಗಿ ಎಲ್ಲ ಮುಖಗಳೂ ಬಹುಮಟ್ಟಿಗೆ ಏಕಕಾಲದಲ್ಲಿ ಸಿದ್ಧವಾಗಬೇಕಾಗಿದೆ. ಆಟವನ್ನು ಮೂರು ಗಂಟೆಗೆ ಇಳಿಸಬಹುದು. ಆದರೆ ಮೂರು ಗಂಟೆಯ ರಾವಣನಿಗೂ ಇಡೀ ರಾತ್ರಿಯ ರಾವಣನಿಗೂ ಮುಖ ಒಂದೇ.

ಇನ್ನೊಂದು ಮಾತು. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು. ಅರ್ಥವನ್ನು ಕಲಾವಿದನೇ ಆ ಕ್ಷಣಕ್ಕೆ ಕಟ್ಟಬೇಕು. ಯಾವ ಪದ್ಯಕ್ಕೆ ಎಷ್ಟು ಮಾತು, ಎದುರಾಳಿಗೆ ಎಲ್ಲಿ ಎಡೆಗೊಡಬೇಕು, ಪ್ರಸಂಗದ ನಡೆ ಎತ್ತ ಎಂಬುದನ್ನೆಲ್ಲ ಕಿರಿಯನೊಬ್ಬನು ಹಿರಿಯರ ಪಕ್ಕದಲ್ಲಿ ಬಣ್ಣ ಅರೆಯುತ್ತ ಕೇಳಿ ತಿಳಿಯುವುದು ಚೌಕಿಯಲ್ಲಿಯೇ. ಒಂದೂರಿನ ವೇಷ ಕಳಚಿ ಮತ್ತೊಂದೂರಿಗೆ ಬೈಕಿನಲ್ಲಿ ಧಾವಿಸಿ, ಮೊದಲೇ ಕಟ್ಟಿಟ್ಟ ಮುಂಡಾಸನ್ನು ತಲೆಗಿರಿಸಿಕೊಂಡು ಹಾಗೆಯೇ ರಂಗಕ್ಕೆ ನುಗ್ಗುವವನಿಗೆ ಈ ಪಾಠ ಎಲ್ಲಿಂದ ದೊರೆಯಬೇಕು? ಇದು ಕಲಾವಿದರ ಮೇಲಿನ ಆಕ್ಷೇಪವಲ್ಲ. ದೀಪಾವಳಿಯ ಸುಮಾರಿಗೆ ಹೊರಟ ಮೇಳ ಬೇಸಗೆಯ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದರೊಳಗೆ ವರ್ಷದ ಅನ್ನವನ್ನು ದುಡಿದುಕೊಳ್ಳಬೇಕಾದವರು ಅವರು.

ನನ್ನ ತಗಾದೆಯಿರುವುದು ಆಟ ಆಡಿಸುವ ನಮ್ಮಂಥವರ ಮೇಲೆ. ರಂಗಸ್ಥಳಕ್ಕೆ ಕಣ್ಣು ಕೋರೈಸುವ ದೀಪ, ಚೌಕಿಗೆ ಒಂಟಿ ಬಲ್ಬು. ಒಳಗಿನ ಮಂದ ಬೆಳಕಿನಲ್ಲಿ ಹದವೆನಿಸಿದ ಕೆಂಪು ಹೊರಗೆ ಬಂದಾಗ ರಾಚುವುದಕ್ಕೆ ಬಣ್ಣದವನನ್ನು ದೂರುವುದೇಕೆ? ಮುಖ ತೊಳೆಯಲು ನೀರು, ಮಹಿಳಾ ಕಲಾವಿದರಿಗೆ ಪ್ರತ್ಯೇಕ ಕೋಣೆ, ಶೌಚಾಲಯ, ಇವನ್ನು ಕೇಳಿ ಪಡೆಯಬೇಕಾದ ಸ್ಥಿತಿ ಎಷ್ಟೋ ಕಡೆ ಇಂದಿಗೂ ಇದೆ. ಹಿಂದೆ ತಟ್ಟಿಯ ಸಂದಿಯಿಂದ ಇಣುಕುತ್ತಿದ್ದ ಮಕ್ಕಳು ಯಾರಿಗೂ ಭಾರವಾಗಿರಲಿಲ್ಲ. ಈಗ ದೊಡ್ಡವರೇ ಮೊಬೈಲು ಹಿಡಿದು ಅರ್ಧ ಬರೆದ ಮುಖದ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಇವೆಲ್ಲಕ್ಕೂ ಮಿಗಿಲಾದದ್ದು ಆಟದ ನಡುವಿನ ಸಭಾಕಾರ್ಯಕ್ರಮ: ಮೂರು ಗಂಟೆಯ ಮಿತಿಯೊಳಗೆ ಮುಕ್ಕಾಲು ಗಂಟೆಯನ್ನು ಶಾಲು ಹಾರಗಳು ನುಂಗಿದ ಮೇಲೆ ಭಾಗವತರು ಕತ್ತರಿಸಬೇಕಾದುದು ಪದ್ಯಗಳನ್ನೇ.

ಆದುದರಿಂದ ಆಮಂತ್ರಣ ಪತ್ರಿಕೆಯಲ್ಲಿ ಗಣ್ಯರ ಹೆಸರುಗಳ ಸಾಲನ್ನು ಕೊಂಚ ಕುಗ್ಗಿಸಿ ಚೌಕಿಪೂಜೆಯ ವೇಳೆಯನ್ನೂ ಅಚ್ಚುಹಾಕಿಸಿರಿ. ಸಂಜೆ ಆರಕ್ಕೆ ಆಟವೆಂದಾದರೆ ಮಧ್ಯಾಹ್ನ ಎರಡಕ್ಕೇ ಕೋಣೆಯನ್ನು ಗುಡಿಸಿ, ನೀರು ತುಂಬಿಸಿ, ದೀಪ ಉರಿಯುವುದೇ ಎಂದು ನೋಡಿರಿ. ಮುಖ್ಯವಾಗಿ, ಆ ಕೋಣೆಯ ಬೀಗದ ಕೈ ಯಾರ ಜೇಬಿನಲ್ಲಿದೆಯೆಂಬುದನ್ನು ಮೇಳದ ಲಾರಿ ಬರುವ ಮುನ್ನವೇ ವಿಚಾರಿಸಿಟ್ಟುಕೊಂಡರೆ ಒಳ್ಳೆಯದು.