ತೊಗಟೆಯ ಮೇಲಿನ ನೇಕಾರರು

ಮಗ್ಗದ ಸದ್ದಿನೊಂದಿಗೆ ಬೆಳೆದ ಸೋಮನೂರಿನ ಕನ್ನಡ ಮನೆಗಳವರಿಗೆ ನೂಲಿನ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಮರದ ತೊಗಟೆಯ ಮೇಲೆಯೂ ನೇಯುವ ಜೀವಿಗಳುಂಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ತಿಳಿಯದೆ ಇರುವುದರಿಂದ, ಮರಕ್ಕೆ ರೋಗ ಬಂದಿತೆಂದು ಬಗೆದು ಸೀಮೆಎಣ್ಣೆ ಬಳಿಯುವವರೂ ವಿಷ ಸಿಂಪಡಿಸುವವರೂ ಇದ್ದಾರೆ.

ಉಷ್ಣವಲಯದ ಕಾಡುಗಳಲ್ಲಿ ಬಾಳುವ ಈ ಕೀಟಜಾತಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ಆರ್ಕಿಪ್ಸೋಕಸ್. ಮೈಯುದ್ದ ಹೆಚ್ಚೆಂದರೆ 2 ಮಿಲಿಮೀಟರಿನಷ್ಟು, ಎಳ್ಳುಕಾಳಿಗಿಂತಲೂ ಚಿಕ್ಕದು. ರೇಷ್ಮೆಹುಳುವಿನಂತೆಯೇ ಇವೂ ಬಾಯಿಯಿಂದ ನೂಲನ್ನು ಹೊರಡಿಸುತ್ತವೆ. ಲೆಕ್ಕವಿಲ್ಲದಷ್ಟು ಕೀಟಗಳು ಕೂಡಿ ನೇಯ್ದ ತೆಳ್ಳನೆಯ ಬಿಳಿಯ ಬಲೆಯು ಕಾಂಡವನ್ನೂ ಕೊಂಬೆಗಳನ್ನೂ ಹೊದಿಸಿಬಿಡುತ್ತದೆ. ಆ ಹೊದಿಕೆಯ ಕೆಳಗೆ ಹಿರಿಯವೂ ಮರಿಗಳೂ ಒಂದೇ ಸಂಸಾರದಂತೆ ಬಾಳುತ್ತವೆ.

ಇವುಗಳ ಆಹಾರವೇನು? ತೊಗಟೆಯ ಮೇಲಿನ ಬೂಷ್ಟು, ಪಾಚಿ, ಕಲ್ಲುಹೂವು, ಸತ್ತ ತೊಗಟೆಯ ಚೂರು, ಇಷ್ಟೇ. ಹಸಿರೆಲೆಯನ್ನು ಇವು ಕಡಿಯವು, ಮರದ ರಸವನ್ನು ಹೀರವು. ಅಮೆರಿಕದ ಫ್ಲಾರಿಡಾ, ಟೆಕ್ಸಾಸ್ ಪ್ರಾಂತಗಳಲ್ಲಿಯೂ ಇಂತಹ ಬಲೆಯನ್ನು ಕಂಡು ಜನರು ಗಾಬರಿಗೊಳ್ಳುವುದುಂಟು. ಯಾವ ಔಷಧವೂ ಬೇಡ, ಗಾಳಿಮಳೆಗೆ ಬಲೆ ತಾನಾಗಿಯೇ ಹರಿದುಹೋಗುವುದೆಂದು ಅಲ್ಲಿನ ಕೃಷಿತಜ್ಞರು ಹೇಳುತ್ತಾರೆ.

ಹಾಗೆಂದು ತೊಗಟೆಯ ಮೇಲಿನ ಬಲೆಯೆಲ್ಲವೂ ನಿರಪಾಯಕರವೆಂದು ತಿಳಿಯಬಾರದು. ಮಾವು, ಸೀಬೆ, ನುಗ್ಗೆಯ ಮರಗಳಲ್ಲಿ ಮರದ ಹೊಟ್ಟೂ ಹಿಕ್ಕೆಯೂ ಬೆರೆತ ಕಂದುಬಣ್ಣದ ಪಟ್ಟಿಯಂತಹ ಬಲೆ ಕಂಡರೆ ಅದು ತೊಗಟೆ ತಿನ್ನುವ ಕಂಬಳಿಹುಳುವಿನ ಕೆಲಸ. ಹಗಲು ಅದು ಕಾಂಡದೊಳಗಿನ ತೂತಿನಲ್ಲಿ ಅಡಗಿದ್ದು ರಾತ್ರಿ ಹೊರಬಂದು ತೊಗಟೆಯನ್ನು ತಿನ್ನುತ್ತದೆ. ಅಲ್ಲಿ ಬಲೆಯನ್ನು ತೆಗೆದು, ತೂತಿಗೆ ತಂತಿ ತೂರಿಸಿ ಹುಳುವನ್ನು ಕೊಲ್ಲಬೇಕು. ಬಿಳಿಯ ತೆಳುಬಲೆಯಾದರೆ ಸುಮ್ಮನಿರಬೇಕು. ಭೇದವನ್ನು ಕಣ್ಣಿನಿಂದಲೇ ಅರಿಯಬಹುದು.

ಈ ಕೀಟದ ಬಂಧುವೊಂದು ನಮ್ಮ ಮನೆಯೊಳಗೂ ಇದೆ. ಹಳೆಯ ಪುಸ್ತಕವನ್ನು ತೆರೆದಾಗ ಹಾಳೆಯ ಮೇಲೆ ಓಡುವ ಸಣ್ಣ ಮಸುಕುಬಣ್ಣದ ಹುಳು ಅದೇ. ತೇವವಿಲ್ಲದಿದ್ದರೆ ಬೂಷ್ಟಿಲ್ಲ, ಬೂಷ್ಟಿಲ್ಲದಿದ್ದರೆ ಈ ಹುಳುವೂ ನಿಲ್ಲದು. ತಮಿಳು ಶಾಲೆಯಲ್ಲಿ ಓದುವ ನಮ್ಮ ಮಕ್ಕಳು ಅಜ್ಜನ ಕನ್ನಡ ಪುಸ್ತಕಗಳನ್ನು ಮುಟ್ಟದೆ, ಅವು ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ ಹುಳುವನ್ನು ದೂಷಿಸಿ ಫಲವೇನು? ಅವನ್ನು ಹೊರತೆಗೆದು, ಒರೆಸಿ, ಗಾಳಿಬೆಳಕಿನಲ್ಲಿ ಆರಿಸಿ, ದಿನಕ್ಕೊಂದು ಪುಟವನ್ನಾದರೂ ಮಕ್ಕಳಿಂದ ಓದಿಸೋಣ. ತೆರೆದು ಓದುವ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಅಪರೂಪ.