ಹನಿ ನೀರಾವರಿಗೆ ನೀರಗಂಟಿ ಯಾರು?

ನಮ್ಮ ಜಯನಗರ, ಬನಶಂಕರಿ ಕಡೆಯವರಿಗೆ ಲಾಲ್‌ಬಾಗ್ ಅಂದ್ರೆ ಬೆಳಗಿನ ವಾಕಿಂಗು, ವರ್ಷಕ್ಕೆರಡು ಸಲ ಹೂವಿನ ಪ್ರದರ್ಶನ, ಬರ್ತಾ ದಾರೀಲಿ ಒಂದು ದೋಸೆ, ಕಾಫಿ. ಅದೇ ಲಾಲ್‌ಬಾಗಿನ ಒಳಗೆ ರಾಜ್ಯದ ತೋಟಗಾರಿಕೆ ಇಲಾಖೆಯ ಕೇಂದ್ರ ಕಚೇರಿ ಇದೆ. ಬೀದರಿನಿಂದ ಚಾಮರಾಜನಗರದವರೆಗೆ ತೆಂಗು, ಬಾಳೆ, ದಾಳಿಂಬೆ, ಟೊಮೆಟೊ ಬೆಳೆಯೋ ರೈತರ ಹನಿ ನೀರಾವರಿ ಸಬ್ಸಿಡಿ ನಡೆಯೋದು ಈ ಇಲಾಖೆಯಿಂದ. ಅಂದ್ರೆ ಇದು ನಮ್ಮ ವಾಕಿಂಗ್ ದಾರಿಯ ಪಕ್ಕದ ವಿಷಯವೇ. ಹಾಗಾಗಿ ಈ ಸಲ ಸ್ವಲ್ಪ ಜಗಳ ಆಡೋಣ ಅಂತ ಕೂತಿದೀನಿ.

ಮೊದಲ ಜಗಳ ನಮ್ಮವರ ಜೊತೆಗೇ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆಗ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ರಾಗ. "ನಮಗ್ಯಾಕೆ ದಂಡ? ನೀರೆಲ್ಲಾ ಕುಡಿಯೋದು ರೈತರು. ಸರ್ಕಾರ 90 ಪರ್ಸೆಂಟ್ ಸಬ್ಸಿಡಿ ಕೊಟ್ರೂ ಡ್ರಿಪ್ ಹಾಕ್ಸಲ್ಲ, ಸೋಮಾರಿಗಳು." ಇದನ್ನ ಬರೆದವರ ಮನೆ ನಲ್ಲಿಗೆ ನೀರು ಬರೋದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತರ್ತಾರೆ. 2014ರಲ್ಲಿ ಏರಿದ್ದ ನೀರಿನ ದರ ಮತ್ತೆ ಏರಿದ್ದು 2025ರಲ್ಲಿ. ಹನ್ನೊಂದು ವರ್ಷ ನಾವೂ ಸಬ್ಸಿಡಿ ನೀರೇ ಕುಡಿದಿದ್ದು ಸ್ವಾಮಿ. ಆದ್ರೆ ನಮ್ಮನ್ನ ಯಾರೂ ಫಲಾನುಭವಿಗಳು ಅನ್ನಲ್ಲ, ನಾಗರಿಕರು ಅಂತಾರೆ.

ಇರಲಿ. ಹಾಗಂತ 90 ಪರ್ಸೆಂಟ್ ಸುಳ್ಳಲ್ಲ, ನಿಜಾನೇ. ಕೇಂದ್ರದ ಲೆಕ್ಕದಲ್ಲಿ ಸಣ್ಣ, ಅತಿ ಸಣ್ಣ ರೈತರಿಗೆ ಶೇಕಡಾ 55, ಉಳಿದವರಿಗೆ 45. ಕರ್ನಾಟಕ ಸರ್ಕಾರ ಅದರ ಮೇಲೆ ತನ್ನ ದುಡ್ಡು ಸೇರಿಸಿ ಎರಡು ಹೆಕ್ಟೇರ್‌ವರೆಗೆ ಶೇಕಡಾ 90 ಕೊಡುತ್ತೆ. ಯೋಜನೆಗೆ ಇಪ್ಪತ್ತು ವರ್ಷದ ಚರಿತ್ರೆ ಇದೆ. 2006ರ ಜನವರಿಯಲ್ಲಿ ಕೇಂದ್ರ ಪುರಸ್ಕೃತ ಯೋಜನೆ ಅಂತ ಶುರುವಾಯ್ತು. 2010ರಲ್ಲಿ ರಾಷ್ಟ್ರೀಯ ಸೂಕ್ಷ್ಮ ನೀರಾವರಿ ಮಿಷನ್ ಆಯ್ತು. 2014ರಲ್ಲಿ ಇನ್ನೊಂದು ಮಿಷನ್ನಿನ ಹೊಟ್ಟೆಯೊಳಗೆ ಹೋಯ್ತು. 2015ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯೊಳಗೆ 'ಪ್ರತಿ ಹನಿಗೆ ಹೆಚ್ಚು ಬೆಳೆ' ಅಂತ ಹೊರಗೆ ಬಂತು. 2022-23ರಿಂದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಕೆಳಗಿದೆ. ರೂಪ ನಾಲ್ಕು ಸಲ ಬದಲಾಯ್ತು. ಬದಲಾಗದೇ ಇದ್ದದ್ದು ಒಂದೇ: ಸಬ್ಸಿಡಿ ಪೈಪಿಗೆ ಕೊಡ್ತಾರೆ, ಹನಿ ಬೀಳೋದಕ್ಕೆ ಕೊಡಲ್ಲ.

ನನ್ನ ತಕರಾರು ಇಷ್ಟೇ. ಬಿಡಿಸಿ ಹೇಳ್ತೀನಿ.

ನಮ್ಮ ಭಾವನ ಜಮೀನು ಹಾರೋಹಳ್ಳಿಯಿಂದ ಸ್ವಲ್ಪ ಒಳಗೆ. (ರಾಮನಗರ ಜಿಲ್ಲೆಗೆ 2025ರಲ್ಲಿ 'ಬೆಂಗಳೂರು ದಕ್ಷಿಣ' ಅಂತ ಹೆಸರಿಟ್ಟ ಮೇಲೆ ಅವರೂ ದಕ್ಷಿಣ ಬೆಂಗಳೂರಿನವರೇ ಆಗಿದಾರೆ, ನಲ್ಲಿ ಮಾತ್ರ ಬಂದಿಲ್ಲ.) ಒಂದೆಕರೆ ತೆಂಗು, ಒಂದೂವರೆ ಎಕರೆ ಹಿಪ್ಪುನೇರಳೆ, ಒಂದು ಬೋರು, ಒಂದು ಮೋಟರು. ಆದ್ರೆ ಸರ್ಕಾರದ ಕಣ್ಣಲ್ಲಿ ಅವರು ಇಬ್ಬರು ರೈತರು! ತೆಂಗಿನ ಡ್ರಿಪ್ಪಿಗೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ನಾಳೆ ಒಂದು ಮೂಲೇಲಿ ಜೋಳ ಹಾಕಿದ್ರೆ ಕೃಷಿ ಇಲಾಖೆ. ಬೋರಿಗೆ ಗೊತ್ತಾ ಸ್ವಾಮಿ, ತಾನು ಯಾವ ಇಲಾಖೆಯ ನೀರು ಕೊಡ್ತಾ ಇದೀನಿ ಅಂತ?

ಪಹಣಿ, ಆಧಾರ್, ಪಾಸ್‌ಬುಕ್, ಫ್ರೂಟ್ಸ್ ನಂಬರು, ಫೋಟೋ ಎಲ್ಲಾ ಕೊಟ್ಟು ಡ್ರಿಪ್ ಬಂತು. ಡೀಲರ್ ಕಡೆಯ ಹುಡುಗರು ಎರಡೇ ದಿನದಲ್ಲಿ ಪೈಪ್ ಎಳೆದ್ರು. ಒಂದು ದಿನ ಸಾಹೇಬ್ರು ಬಂದ್ರು, ರೈತ, ಫಿಲ್ಟರು, ಪೈಪು ಮೂರೂ ಕಾಣೋ ಹಾಗೆ ಫೋಟೋ ತೆಗೆದ್ರು, ಹೋದ್ರು. ಸರ್ಕಾರದ ಪುಸ್ತಕದಲ್ಲಿ ಅಲ್ಲಿಗೆ ಕೆಲಸ ಮುಗೀತು. ಒಂದು ಹೆಕ್ಟೇರ್ 'ಸೂಕ್ಷ್ಮ ನೀರಾವರಿಗೆ ಒಳಪಟ್ಟಿತು'.

ಡ್ರಿಪ್ಪಿನ ಕಥೆ ಶುರುವಾಗೋದೇ ಆ ಫೋಟೋ ಆದ ಮೇಲೆ. ಆಳದ ಬೋರಿನ ನೀರಲ್ಲಿ ಸುಣ್ಣದಂಶ ಜಾಸ್ತಿ. ನಮ್ಮ ಮನೆ ಗೀಸರ್ ಕಾಯಿಲ್ ಮೇಲೆ ಬಿಳೀ ಪದರ ಕಟ್ಟುತ್ತಲ್ಲ, ಅದೇ ಪದರ ಸೂಜಿಯ ತೂತಿನಷ್ಟು ಸಣ್ಣ ದಾರಿ ಇರೋ ಡ್ರಿಪ್ಪರ್ ಒಳಗೆ ಕಟ್ಟಿದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಫಿಲ್ಟರನ್ನ ಆಗಾಗ ತೊಳೀಬೇಕು. ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ಕಸ ಹೊರಗೆ ಬಿಡಬೇಕು. ವರ್ಷಕ್ಕೆ ಕೆಲವು ಸಲ ಅಳತೆ ಮಾಡಿ ಆಸಿಡ್ ಹಾಯಿಸಬೇಕು. ಅದು ಹೆಚ್ಚಾದ್ರೂ ಕಷ್ಟ, ಕಡಿಮೆಯಾದ್ರೂ ವ್ಯರ್ಥ. ಬೇಸಿಗೇಲಿ ಇಲಿ, ಅಳಿಲು ನೀರಿಗಾಗಿ ಪೈಪ್ ಕಡೀತವೆ. ಇದನ್ನೆಲ್ಲ ಭಾವನಿಗೆ ಹೇಳಿಕೊಟ್ಟವರು ಯಾರು? ಪೈಪ್ ಎಳೆದ ಹುಡುಗ ಹೋಗ್ತಾ ಹೋಗ್ತಾ "ಫಿಲ್ಟರ್ ತೊಳೀತಿರಿ ಅಣ್ಣ" ಅಂದ. ಅಷ್ಟೇ ತರಬೇತಿ.

ಎರಡನೇ ವರ್ಷ ಸಾಲಿನ ಕೊನೆಯ ಮರಗಳಿಗೆ ನೀರು ನಿಂತಿತು. ಡೀಲರ್‌ಗೆ ಫೋನ್ ಮಾಡಿದ್ರೆ ನಾಳೆ, ನಾಡಿದ್ದು. ಮೂರನೇ ವರ್ಷ ಭಾವ ಡ್ರಿಪ್ಪರ್‌ಗಳನ್ನ ಕಿತ್ತು, ಪೈಪಿಗೇ ಮೊಳೆಯಿಂದ ತೂತು ಮಾಡಿದ್ರು. ಈಗ ಹತ್ತಿರದ ಮರಕ್ಕೆ ಕೊಡಗಟ್ಟಲೆ, ದೂರದ ಮರಕ್ಕೆ ಲೋಟದಷ್ಟು. ಕೇಳಿದ್ರೆ, "ಏನ್ ಮಾಡ್ಲಪ್ಪಾ, ಮರ ಒಣಗಿಸ್ಲಾ?" ಅಂದ್ರು. ಲಾಲ್‌ಬಾಗಿನ ಲೆಕ್ಕದಲ್ಲಿ ಆ ಎಕರೆ ಈಗಲೂ ಹನಿ ನೀರಾವರಿ. ಅದೇ ಜಮೀನಿಗೆ ಮತ್ತೆ ಸಬ್ಸಿಡಿ ಬೇಕಂದ್ರೆ ಏಳು ವರ್ಷ ಕಾಯಬೇಕು, ಯಾಕಂದ್ರೆ ಮಾರ್ಗಸೂಚಿಯ ಪ್ರಕಾರ ಡ್ರಿಪ್ಪಿನ ಆಯಸ್ಸು ಏಳು ವರ್ಷ!

ಹಾಗಾದ್ರೆ ಮಾರಾಟದ ನಂತರದ ಸೇವೆ ಅಂತ ಇಲ್ವಾ? ಇದೆ. ಮೂರು ವರ್ಷ ಉಚಿತವಾಗಿ ನೋಡಿಕೊಳ್ಳಬೇಕು ಅಂತ ಮಾರ್ಗಸೂಚಿಯಲ್ಲೇ ಬರೆದಿದೆ. ಆದ್ರೆ ದುಡ್ಡು ಪೂರ್ತಿ ಸಿಗೋದು ಹಾಕಿದ ವರ್ಷವೇ. ಪೂರ್ತಿ ಕೂಲಿ ಇಸ್ಕೊಂಡ ಮೇಲೆ ಬಂದು ಬಾವಿ ಹೂಳೆತ್ತೋರು ಯಾರಿದಾರೆ? ಡೀಲರ್ ಕೆಟ್ಟವನು ಅಂತ ನಾನು ಹೇಳ್ತಿಲ್ಲ. ಅವನಿಗೆ ವಾಪಸ್ ಬರೋದಕ್ಕೆ ಒಂದು ರೂಪಾಯಿಯ ಕಾರಣವನ್ನೂ ನಾವು ಇಟ್ಟಿಲ್ಲ ಅಂತ ಹೇಳ್ತಿದೀನಿ.

ಬೆಲೆಯ ಕಥೇನೂ ಹೀಗೇ. ಹತ್ತು ಪರ್ಸೆಂಟ್ ಮಾತ್ರ ಕೊಡೋನಿಗೆ ಚೌಕಾಸಿ ಮಾಡೋ ಹುಮ್ಮಸ್ಸು ಎಲ್ಲಿರುತ್ತೆ? ನೂರು ರೂಪಾಯಿ ಮಾಲಿಗೆ ನೂರಿಪ್ಪತ್ತು ಹಾಕಿದ್ರೂ ಅವನ ಜೇಬಿಂದ ಹೋಗೋದು ಎರಡೇ ರೂಪಾಯಿ ಹೆಚ್ಚು. ಬಾಕಿ ಹದಿನೆಂಟು ನಮ್ಮ ನಿಮ್ಮ ತೆರಿಗೆ. ಇನ್ನೊಂದು ಕಡೆ, ಸಬ್ಸಿಡಿ ಲೆಕ್ಕ ಹಾಕೋದು ಸರ್ಕಾರ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಪೇಟೆ ಬೆಲೆ ಅದನ್ನ ಮೀರಿದ್ರೆ ವ್ಯತ್ಯಾಸ ರೈತನ ತಲೆ ಮೇಲೆ. ಜೊತೆಗೆ ತೆರಿಗೆ: 2017ರಲ್ಲಿ ಜಿ.ಎಸ್.ಟಿ. ಬಂದಾಗ ಡ್ರಿಪ್ಪಿಗೆ ಶೇಕಡಾ 18 ಇತ್ತು, ಆಮೇಲೆ 12 ಆಯ್ತು, 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಬಲಗೈಲಿ ಸಹಾಯಧನ, ಎಡಗೈಲಿ ತೆರಿಗೆ. ಚೆನ್ನಾಗಿದೆ ಅಲ್ವಾ?

ದೊಡ್ಡದಾಗಿ ಮಾಡಿದ್ರೆ ಸರಿ ಹೋಗುತ್ತಾ? ಅದನ್ನೂ ನೋಡಿದ್ವಿ. ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ನಾರಾಯಣಪುರ ಜಲಾಶಯದ ನೀರನ್ನ ಹನಿ ಹನಿಯಾಗಿ ಕೊಡ್ತೀವಿ, ಏಷ್ಯಾದಲ್ಲೇ ದೊಡ್ಡದು ಅಂತ ಡಂಗುರ ಹೊಡೆದ್ರು. ಕೆಲವೇ ವರ್ಷಗಳಲ್ಲಿ ಹೊಲಕ್ಕೆ ನೀರು ಬರ್ತಿಲ್ಲ ಅಂತ ರೈತರು ದೂರಿದ್ದು ಪತ್ರಿಕೆಗಳಲ್ಲಿ ಬಂತು. ಸಣ್ಣದಿರಲಿ, ದೊಡ್ಡದಿರಲಿ, ಕಾಯಿಲೆ ಒಂದೇ. ಕಟ್ಟೋದಕ್ಕೆ ದುಡ್ಡಿದೆ, ನಡೆಸೋದಕ್ಕೆ ದಿಕ್ಕಿಲ್ಲ.

ಇದು ನಮ್ಮ ನಾಡಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ ಅನ್ನೋದೇ ನನಗೆ ಹೆಚ್ಚು ಸಿಟ್ಟು ಬರಿಸೋದು. ಕೋಲಾರ, ಬೆಂಗಳೂರು, ತುಮಕೂರು ಸೀಮೆಯ ಕೆರೆಗಳಿಗೆ ನೀರಗಂಟಿ ಅಂತ ಇದ್ದ. ಕೆರೆ ಕಟ್ಟಿದವನು ಒಂದು ಸಲ ಕಟ್ಟಿ ಹೋದ. ನೀರಗಂಟಿ ಮಾತ್ರ ದಿನಾ ತೂಬು ನೋಡಿ, ಕಾಲುವೆ ನೋಡಿ, ಕೊನೆಯ ಗದ್ದೆಗೂ ನೀರು ಮುಟ್ಟಿತಾ ಅಂತ ನೋಡ್ತಿದ್ದ. ಅವನಿಗೆ ಕೂಲಿ ಯಾವಾಗ? ಸುಗ್ಗಿಯಲ್ಲಿ, ಕಣದಲ್ಲಿ, ಕಾಳಿನ ರೂಪದಲ್ಲಿ. ಬೆಳೆ ಬಂದ್ರೆ ಅವನ ಪಾಲು ಬಂತು. ನಾವು ಕೆರೆ ಕಟ್ಟಿದವನಿಗೆ ತೊಂಬತ್ತು ಕೊಟ್ಟು, ನೀರಗಂಟಿಯ ಹುದ್ದೆಯನ್ನೇ ತೆಗೆದುಹಾಕಿದ ಹಾಗೆ ಯೋಜನೆ ಮಾಡಿಕೊಂಡಿದೀವಿ.

ಅಷ್ಟು ಹಿಂದೆ ಹೋಗೋದೂ ಬೇಡ. ಡಾ. ಎಂ.ಎಚ್. ಮರಿಗೌಡರು ಇದೇ ಲಾಲ್‌ಬಾಗಿನಲ್ಲಿ ಕೂತು ತೋಟಗಾರಿಕೆ ಇಲಾಖೆಯನ್ನ ಕಟ್ಟಿದವರು. ರೈತನಿಗೆ ಸಸಿ ಕೊಟ್ಟು ಕೈತೊಳ್ಕೊಳ್ಳೋದಲ್ಲ, ಸಸಿಯಿಂದ ಮಾರಾಟದವರೆಗೆ ಜೊತೆಗಿರಬೇಕು ಅನ್ನೋದು ಅವರ ದಾರಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್‌ನಲ್ಲಿ ನಾವು ಇವತ್ತಿಗೂ ಹಣ್ಣು ಕೊಳ್ತೀವಲ್ಲ, ಅದೂ ಆ ಕಾಲದ ಬುದ್ಧಿಯ ಫಲವೇ. ಅಂಥಾ ಇಲಾಖೆ ಈಗ ಪೈಪಿನ ಬಿಲ್ ಪಾಸ್ ಮಾಡೋ ಕಚೇರಿಯಾಗಿ ಉಳಿದ್ರೆ ಬೇಜಾರಾಗಲ್ವಾ?

ನೆರೆಯವರನ್ನ ನೋಡಿ. ಆಂಧ್ರದವರು 2003ರಲ್ಲೇ ಸೂಕ್ಷ್ಮ ನೀರಾವರಿಗೆ ಅಂತಲೇ ಪ್ರತ್ಯೇಕ ಯೋಜನಾ ಘಟಕ ಮಾಡಿದ್ರು. ಗುಜರಾತಿನವರು 2005ರಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಮಾಡಿ, ರೈತ, ಪೈಪಿನ ಕಂಪನಿ, ಸಂಸ್ಥೆ ಮೂವರ ನಡುವೆ ಒಪ್ಪಂದ, ಹೊರಗಿನವರಿಂದ ಪರಿಶೀಲನೆ ಅಂತ ಇಟ್ಟರು. ಅಲ್ಲೆಲ್ಲ ಸ್ವರ್ಗ ಇದೆ ಅಂತ ಅಲ್ಲ. ಆದ್ರೆ ಒಬ್ಬ ರೈತ ಒಂದು ಬಾಗಿಲು ತಟ್ಟಿದ್ರೆ ಸಾಕು ಅನ್ನೋದಾದ್ರೂ ಇದೆ. ನಮ್ಮಲ್ಲಿ ಮೂರು ಬಾಗಿಲು.

"ಹಾಗಾದ್ರೆ ಸಬ್ಸಿಡಿಯನ್ನೇ ತೆಗೆದುಬಿಡಿ" ಅನ್ನೋ ಜಾಣರೂ ಇದಾರೆ. ಅವರ ಕೈಲಿ ಒಂದು ಒಳ್ಳೆ ವಾದ ಇದೆ, ಒಪ್ಕೋತೀನಿ. ಡ್ರಿಪ್ ಹಾಕಿದ ಮಾತ್ರಕ್ಕೆ ಅಂತರ್ಜಲ ಉಳಿಯಲ್ಲ. ಉಳಿದ ನೀರಲ್ಲಿ ರೈತ ಇನ್ನೊಂದೆಕರೆ ಬೆಳೀತಾನೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಗ್ರಾಫ್ಟನ್ ಮತ್ತು ಸಂಗಡಿಗರು ಇದನ್ನೇ ನೀರಾವರಿ ದಕ್ಷತೆಯ ವಿರೋಧಾಭಾಸ ಅಂತ ಬರೆದ್ರು. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಉಚಿತ ವಿದ್ಯುತ್ ಇರೋ ನಮ್ಮಲ್ಲಂತೂ ಇದು ಇನ್ನೂ ನಿಜ. ಆದ್ರೆ ಈ ವಾದ ಹೇಳೋದೇನು? ಹೆಕ್ಟೇರ್ ಎಣಿಸಿದ್ರೆ ನೀರು ಉಳಿದ ಹಾಗಲ್ಲ ಅಂತ. ನಾನು ಹೇಳ್ತಿರೋದೂ ಅದನ್ನೇ! ಎಣಿಸೋದನ್ನ ಬದಲಾಯಿಸಿ ಅಂದ್ರೆ, ಕೊಡೋದನ್ನೇ ನಿಲ್ಲಿಸಿ ಅಂತೀರಲ್ಲ? ಸಬ್ಸಿಡಿ ನಿಂತ್ರೆ ದೊಡ್ಡ ತೋಟದವರು ಬ್ಯಾಂಕಿಗೆ ಹೋಗಿ ಡ್ರಿಪ್ ಹಾಕಿಸ್ತಾರೆ. ನಮ್ಮ ಭಾವನಂಥ ಎರಡೂವರೆ ಎಕರೆಯವರು ಇನ್ನೊಂದು ಬೋರಿಗೆ ಸಾಲ ಮಾಡ್ತಾರೆ. ಆ ಸಾಲ ಎಲ್ಲಿಗೆ ಒಯ್ಯುತ್ತೆ ಅಂತ ನಿಮಗೂ ಗೊತ್ತು.

ಏನು ಮಾಡಬೇಕು? ಬರೀ ಬೈದು ಎದ್ದು ಹೋದ್ರೆ ಅದು ಜಗಳ ಅಲ್ಲ, ಕಿರುಚಾಟ. ನನ್ನ ಲೆಕ್ಕ ಹೀಗಿದೆ.

ತೊಂಬತ್ತನ್ನ ತೊಂಬತ್ತಾಗೇ ಇಡಿ, ಆದ್ರೆ ಒಂದೇ ಸಲ ಕೊಡಬೇಡಿ. ಪೈಪ್ ಹಾಕಿದ ದಿನ ಅರವತ್ತೈದು. ಉಳಿದ ಇಪ್ಪತ್ತೈದು ಮೂರು ವರ್ಷಕ್ಕೆ ಹಂಚಿ. ಪ್ರತಿ ವರ್ಷ ಬೇಸಿಗೇಲಿ, ಸಾಲಿನ ಮೊದಲ ಡ್ರಿಪ್ಪರಿನ ಕೆಳಗೊಂದು ಲೋಟ, ಕೊನೆಯದರ ಕೆಳಗೊಂದು ಲೋಟ ಇಟ್ಟು ನೋಡಿ. ಎರಡೂ ಹೆಚ್ಚುಕಡಿಮೆ ಸಮ ತುಂಬಿದ್ರೆ ರೈತ ಸಹಿ ಹಾಕ್ತಾನೆ, ಕಂಪನಿಗೆ ಆ ವರ್ಷದ ಕಂತು ಹೋಗುತ್ತೆ. ತುಂಬಲಿಲ್ವಾ, ದುಡ್ಡಿಲ್ಲ. ಇದಕ್ಕೆ ಉಪಗ್ರಹವೂ ಬೇಡ, ಆ್ಯಪೂ ಬೇಡ, ಎರಡು ಲೋಟ ಸಾಕು.

ಹೋಬಳಿಗೊಬ್ಬ ನೀರಗಂಟಿ ಬೇಕು. ಆ ಊರಿನದೇ ಹುಡುಗನೋ ಹುಡುಗಿಯೋ, ಫಿಲ್ಟರ್ ರಿಪೇರಿ, ಆಸಿಡ್ ಅಳತೆ, ಗೊಬ್ಬರ ಬಿಡೋದು ಕಲಿತವರು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಹೇಗೂ ಇದೆಯಲ್ಲ, ಅಲ್ಲೊಂದು ಬೆಂಚು, ಒಂದು ಡಬ್ಬ ಬಿಡಿಭಾಗ ಇಡಿ. ಮೂರು ಇಲಾಖೆಯ ಅರ್ಜಿಯನ್ನೂ ಅಲ್ಲೇ ತಗೊಳ್ಳಿ. ಯಾವ ಕಂಪನಿಯ ಪೈಪಿಗೆ ಎಷ್ಟು ಬೆಲೆ, ಯಾವ ಕಂಪನಿಯ ಲೋಟ ಎಷ್ಟು ಕಡೆ ತುಂಬಲಿಲ್ಲ ಅಂತ ಅದೇ ಗೋಡೆ ಮೇಲೆ ಬರೆದು ಅಂಟಿಸಿ. ಮಿಕ್ಕಿದ್ದನ್ನ ರೈತರೇ ನೋಡ್ಕೋತಾರೆ, ಅವರು ದಡ್ಡರಲ್ಲ.

ಇದಕ್ಕೆ ಹೊಸ ದುಡ್ಡು ಹೆಚ್ಚೇನೂ ಬೇಡ. ಹಳೇ ದುಡ್ಡನ್ನ ತಡವಾಗಿ ಕೊಡೋ ಧೈರ್ಯ ಬೇಕು. ಆದ್ರೆ ಹಾಗೆ ಮಾಡಿದ್ರೆ ಮೊದಲ ವರ್ಷ ಹೆಕ್ಟೇರುಗಳ ಗುರಿ ಮುಟ್ಟಲ್ಲ, ಪತ್ರಿಕೆಯಲ್ಲಿ 'ಕರ್ನಾಟಕ ಮುಂದೆ' ಅಂತ ಹಾಕೋಕಾಗಲ್ಲ. ಅಡ್ಡಿ ಇರೋದು ಅಲ್ಲೇ ಅಂತ ನನ್ನ ಅನುಮಾನ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಬೆಂಗಳೂರಿಗೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ಸೇರಿತು. ಅದು ನಮ್ಮ ಟ್ಯಾಂಕಿಗೆ ಬರೋ ದಾರಿಯಲ್ಲೇ ಭಾವನ ಊರಿದೆ. ಪೈಪ್ ಒಡೆದ್ರೆ ನಮಗೆ ಜಲಮಂಡಳಿ ಇದೆ, ಇಂಜಿನಿಯರ್ ಇದಾರೆ, ದೂರು ಕೊಡೋಕೆ ನಂಬರ್ ಇದೆ. ಅವರಿಗೆ ಒಂದು ಮೊಳೆ ಇದೆ. ಮುಂದಿನ ಸಲ ಯಾರಾದ್ರೂ ವಾಟ್ಸಾಪಿನಲ್ಲಿ "90 ಪರ್ಸೆಂಟ್ ಕೊಟ್ರೂ..." ಅಂತ ಶುರು ಮಾಡಿದ್ರೆ, "ಯಾತಕ್ಕೆ ಕೊಟ್ರು?" ಅಂತ ಒಂದು ಮಾತು ಕೇಳಿ.

ನಿಮ್ಮೂರಲ್ಲಿ ಡ್ರಿಪ್ ಹಾಕಿಸಿದೋರು ಇದ್ರೆ, ಈ ಸಲ ಊರಿಗೆ ಹೋದಾಗ ಎರಡು ಲೋಟ ಇಟ್ಟು ನೋಡಿ ಬನ್ನಿ. ಎಷ್ಟೆಷ್ಟು ತುಂಬಿತು ಅಂತ ಬರೀರಿ. ನನ್ನ ಮಾತು ಸುಳ್ಳಾದ್ರೆ ನನಗೇ ಎಲ್ಲರಿಗಿಂತ ಹೆಚ್ಚು ಖುಷಿ.