ನೀರ ನಡುವೆ ನೀರಡಿಕೆ

ಇಳಕಲ್ ಸೀರೆ ಉಡದೆ, ಅಮೀನಗಡದ ಕರದಂಟು ಹಂಚದೆ ಹುನಗುಂದ ಸೀಮೆಯ ಮದುವೆ ಮುಗಿಯುವುದು ಅಪರೂಪ. ಅಂಟು, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿಗಳನ್ನು ತುಪ್ಪ-ಬೆಲ್ಲದಲ್ಲಿ ಕೂಡಿಸಿದ ಈ ಸಿಹಿ ಬಾಣಂತಿಯ ಕೋಣೆಯಿಂದ ಬೀಗರ ಮನೆಯವರೆಗೆ ಎಲ್ಲ ಕಡೆ ಸಲ್ಲುತ್ತದೆ. ನೀರಿನಂಶ ಕಡಿಮೆ ಇರುವುದರಿಂದ ದಿನಗಟ್ಟಲೆ ಕೆಡುವುದಿಲ್ಲ. ಹೀಗಾಗಿ ರಾಯಚೂರು-ಬೆಳಗಾವಿ ರಸ್ತೆಯ ಬಸ್ಸುಗಳಲ್ಲಿ ಅದು ಊರೂರು ಸುತ್ತುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೊಸ ಜೋಡಿಗಳ ಕೈಚೀಲದಲ್ಲಿ ಕುಳಿತು ಕಡಲನ್ನೂ ದಾಟುತ್ತಿದೆ.

ಒಂದು ಕಾಲಕ್ಕೆ ಮದುವೆಯಾದ ಜೋಡಿ ಕೂಡಲಸಂಗಮಕ್ಕೋ ಬನಶಂಕರಿಗೋ ಹೋಗಿ ಕಾಯಿ ಒಡೆಸಿಕೊಂಡು ಬಂದರೆ ಅದೇ ಪ್ರವಾಸ. ಆಮೇಲೆ ಗೋವಾ ಬಂತು, ಊಟಿ ಬಂತು. ಈಗ ಬೆಂಗಳೂರಿನಲ್ಲಿ ನೌಕರಿ ಹಿಡಿದ ಹುಡುಗ-ಹುಡುಗಿಯರ ಬಾಯಲ್ಲಿ ಮಾಲ್ದೀವ್ಸ್ ಹೆಸರು. ಅಮೀನಗಡದಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು. ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಹೆಚ್ಚುಕಡಿಮೆ ಎರಡು ತಾಸು. ಹಾಗೆ ನೋಡಿದರೆ ಬಸ್ಸಿನ ದಾರಿಯೇ ಉದ್ದ!

ಅಲ್ಲಿ ಸಿಗುವುದೇನು? ಸಕ್ಕರೆಯಂಥ ಬಿಳಿ ಮರಳು, ಹಸಿರು-ನೀಲಿ ನೀರು, ಕಡಲ ಮೇಲೆ ಕಂಬ ಊರಿ ಕಟ್ಟಿದ ಕೋಣೆ, ಕೋಣೆಗೊಂದು ಈಜುಕೊಳ, ಹೊತ್ತುಹೊತ್ತಿಗೆ ಹತ್ತಾರು ಬಗೆಯ ಊಟ. 2005ರಲ್ಲಿ ತೆರೆದ 'ಇಥಾ' ಎಂಬ ಭೋಜನಶಾಲೆಯಂತೂ ನೀರಿನ ಐದು ಮೀಟರ್ ಆಳದಲ್ಲಿದೆ. ಗಾಜಿನಂಥ ಛಾವಣಿಯ ಕೆಳಗೆ ಹದಿನಾಲ್ಕು ಮಂದಿ ಮಾತ್ರ ಕೂರಬಹುದು. ತಲೆಯ ಮೇಲೆ ಮೀನುಗಳು ಈಜುತ್ತಿರುತ್ತವೆ, ತಟ್ಟೆಯಲ್ಲೂ ಮೀನೇ ಇರುತ್ತದೆ. ಇಷ್ಟೆಲ್ಲ ವೈಭವದ ನಡುವೆ ಯಾರ ಕಣ್ಣಿಗೂ ಬೀಳದ, ಆದರೆ ಎಲ್ಲಕ್ಕಿಂತ ದುಬಾರಿಯಾದ ವಸ್ತು ಒಂದಿದೆ. ಅದು ಊಟದ ಮೇಜಿನ ಮೇಲೆ ತುಂಬಿಟ್ಟ ಒಂದು ಲೋಟ ಸಿಹಿನೀರು.

ಮಳೆ ಮೂರು ಪಟ್ಟು, ಹೊಳೆ ಒಂದೂ ಇಲ್ಲ

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನಷ್ಟೂ ಮಳೆಯಿಲ್ಲ. ಮಾಲೆಯಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಆದರೂ ಇಡೀ ಮಾಲ್ದೀವ್ಸ್‌ನಲ್ಲಿ ಹುಡುಕಿದರೆ ಒಂದು ಹೊಳೆ ಸಿಗುವುದಿಲ್ಲ. ಮಲಪ್ರಭೆ, ಕೃಷ್ಣೆಯರನ್ನು ಕಂಡವರಿಗೆ ಇದು ಸೋಜಿಗ.

ಕಾರಣ ಆ ನೆಲದ ಹುಟ್ಟಿನಲ್ಲೇ ಇದೆ. ಸುಮಾರು 1,200 ದ್ವೀಪಗಳ ಈ ದೇಶವನ್ನು ಕಟ್ಟಿದ್ದು ಹವಳದ ಹುಳುಗಳು. ಮುಳುಗಿದ ಅಗ್ನಿಪರ್ವತಗಳ ಮೇಲೆ ಲಕ್ಷಾಂತರ ವರ್ಷ ಸುಣ್ಣದ ಗೂಡು ಕಟ್ಟುತ್ತಾ ಬಂದ ಈ ಜೀವಿಗಳ ಅವಶೇಷವೇ ಅಲ್ಲಿನ ಮಣ್ಣು, ಮರಳು, ಎಲ್ಲ. ಬಳೆಯಾಕಾರದ ಇಂಥ ದ್ವೀಪಸರಣಿಗೆ ಭೂಗೋಳದ ಪುಸ್ತಕಗಳಲ್ಲಿ 'ಅಟಾಲ್' ಎನ್ನುತ್ತಾರೆ. ಆ ಪದ ಮಾಲ್ದೀವ್ಸ್‌ನ ದಿವೇಹಿ ಭಾಷೆಯಿಂದಲೇ ಜಗತ್ತಿಗೆ ಹೋಗಿದ್ದು. ಬಹುಪಾಲು ನೆಲ ಸಮುದ್ರಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ. ಜರಡಿಯಂಥ ಈ ನೆಲದ ಮೇಲೆ ಬಿದ್ದ ಮಳೆ ಹರಿಯುವುದಿಲ್ಲ, ನೇರವಾಗಿ ಕೆಳಗಿಳಿಯುತ್ತದೆ.

ಇಳಿದ ನೀರು ಎಲ್ಲಿ ನಿಲ್ಲುತ್ತದೆ? ಇಲ್ಲಿದೆ ವಿಜ್ಞಾನದ ಒಂದು ಸೊಗಸಾದ ಲೆಕ್ಕ. ಸಿಹಿನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಕಡಲ ನೀರಿನದು ಸುಮಾರು 1.025. ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತದೆ, ನಡುವೆ ದಪ್ಪ, ಅಂಚಿಗೆ ತೆಳು, ಥೇಟ್ ಮಸೂರದ ಆಕಾರದಲ್ಲಿ. ಎರಡು ಸಾಂದ್ರತೆಗಳ ವ್ಯತ್ಯಾಸ 0.025. ಒಂದನ್ನು ಅದರಿಂದ ಭಾಗಿಸಿದರೆ ಬರುವುದು 40. ಎಂದರೆ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ನಲವತ್ತು ಅಡಿ ಸಿಹಿನೀರು ಇರುತ್ತದೆ. ನೂರು ವರ್ಷಗಳಿಗೂ ಹಿಂದೆ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡ ಡಚ್ ಮತ್ತು ಜರ್ಮನ್ ವಿಜ್ಞಾನಿಗಳ ಹೆಸರಿನಿಂದ ಇದಕ್ಕೆ ಗೈಬೆನ್-ಹೆರ್ಜ್‌ಬರ್ಗ್ ನಿಯಮ ಎಂದು ಹೆಸರು.

ಕೇಳಲು ಹಿತವಾದ ಈ ನಿಯಮಕ್ಕೆ ಇನ್ನೊಂದು ಮಗ್ಗುಲಿದೆ. ಬಾವಿಯಿಂದ ನೀರೆತ್ತಿ ಮೇಲಿನ ಮಟ್ಟ ಒಂದು ಅಡಿ ಇಳಿದರೆ, ಕಾಲಾಂತರದಲ್ಲಿ ಕೆಳಗಿನಿಂದ ಉಪ್ಪುನೀರು ನಲವತ್ತು ಅಡಿ ಮೇಲೇರುತ್ತದೆ! ಒಂದೊಂದು ಕೊಡ ಎಳೆದುಕೊಳ್ಳುತ್ತಿದ್ದ ಊರಿಗೆ ಸಾಕಾಗಿದ್ದ ಬಾವಿ ಪಂಪು ಹಚ್ಚಿದ ಮೇಲೆ ಸವಳಾಗುವುದು ಹೀಗೆ. ಕಡಲೂ ಒಮ್ಮೊಮ್ಮೆ ತಾನೇ ನುಗ್ಗುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಅನೇಕ ದ್ವೀಪಗಳ ಬಾವಿಗಳನ್ನು ಉಪ್ಪಾಗಿಸಿ ಹೋಯಿತು.

ಒಂದು ಬೆಂಕಿ, ಒಂದು ಲಕ್ಷ ಗಂಟಲು

1972ರ ಅಕ್ಟೋಬರ್ 3ರಂದು 'ಕುರುಂಬಾ' ಎಂಬ ಮೊದಲ ರೆಸಾರ್ಟು 30 ಕೋಣೆಗಳೊಂದಿಗೆ ತೆರೆದಾಗ ಅಲ್ಲಿಗೆ ಬಂದವರು ಬೆರಳೆಣಿಕೆಯ ಮಂದಿ. ಕುರುಂಬಾ ಎಂದರೆ ಎಳನೀರು. ಅದಕ್ಕೂ ಮೊದಲು ಬಂದು ನೋಡಿ ಹೋಗಿದ್ದ ವಿಶ್ವಸಂಸ್ಥೆಯ ತಜ್ಞರು ಈ ದ್ವೀಪಗಳು ಪ್ರವಾಸೋದ್ಯಮಕ್ಕೆ ಯೋಗ್ಯವಲ್ಲ ಎಂದಿದ್ದರು. 2024ರಲ್ಲಿ ಅದೇ ದೇಶಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ದೇಶದ ಜನಸಂಖ್ಯೆ ಐದು ಲಕ್ಷದ ಆಸುಪಾಸು. ವರ್ಷದಲ್ಲಿ ಮನೆಯವನೊಬ್ಬನಿಗೆ ನಾಲ್ವರು ಅತಿಥಿಗಳು!

ಇಷ್ಟು ಜನರ ಕುಡಿಯುವ, ಮೀಯುವ, ಬಟ್ಟೆ ಒಗೆಯುವ ನೀರನ್ನು ಮಳೆ ಮತ್ತು ಬಾವಿ ಪೂರೈಸಲಾರವು. ಕಡಲ ನೀರನ್ನು ಭಾರೀ ಒತ್ತಡದಿಂದ ಸೂಕ್ಷ್ಮ ಪರದೆಯ ಮೂಲಕ ತಳ್ಳಿ ಉಪ್ಪು ಬೇರ್ಪಡಿಸುವ ಯಂತ್ರಗಳೇ ಆಧಾರ. ಯಂತ್ರಕ್ಕೆ ವಿದ್ಯುತ್ ಬೇಕು. ವಿದ್ಯುತ್ತಿಗೆ ಹೆಚ್ಚಾಗಿ ಡೀಸೆಲ್ ಬೇಕು. ಡೀಸೆಲ್ ಹಡಗಿನಲ್ಲಿ ಬರಬೇಕು. ಕೋಣೆಯಲ್ಲಿ ನಲ್ಲಿ ತಿರುಗಿಸಿದಾಗ ಬರುವ ನೀರಿನ ಹಿಂದೆ ಇಷ್ಟು ಉದ್ದದ ಸರಪಳಿ ಇದೆ.

ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದು 2014ರ ಡಿಸೆಂಬರ್ 4ರಂದು ಗೊತ್ತಾಯಿತು. ರಾಜಧಾನಿ ಮಾಲೆಯ ನೀರು ಶುದ್ಧೀಕರಣ ಘಟಕದಲ್ಲಿ ಬೆಂಕಿ ಬಿದ್ದು ಯಂತ್ರಗಳು ನಿಂತವು. ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿಗಳು ಒಣಗಿದವು. ಭಾರತ ವಾಯುಪಡೆಯ ವಿಮಾನಗಳಲ್ಲಿ ನೀರಿನ ಬಾಟಲಿಗಳನ್ನು ತುಂಬಿ ಕಳಿಸಿತು. ನೌಕಾಪಡೆಯ ಹಡಗುಗಳು ಹಿಂದೆಯೇ ಹೊರಟವು. ಈ ಕಾರ್ಯಾಚರಣೆಗೆ ಇಟ್ಟ ಹೆಸರು 'ನೀರ್'. ಕಣ್ಣು ಹಾಯಿಸಿದಷ್ಟೂ ನೀರೇ ಇರುವ ದೇಶಕ್ಕೆ ವಿಮಾನದಲ್ಲಿ ನೀರು! ಟ್ಯಾಂಕರ್ ಬರುವ ಹಾದಿ ಕಾಯ್ದು ಗೊತ್ತಿರುವ ಬಯಲುಸೀಮೆಯ ತಾಯಂದಿರಿಗೆ ಆ ಊರಿನ ಸಾಲುಗಳು ಹೇಗಿದ್ದಾವು ಎಂದು ಬಿಡಿಸಿ ಹೇಳಬೇಕಿಲ್ಲ.

ತಟ್ಟೆಯಲ್ಲಿ ಉಳ್ಳಾಗಡ್ಡಿ, ಬಿಲ್ಲಿನಲ್ಲಿ ಗಣಿತ

ನೀರಿನ ಕಥೆಯೇ ಊಟದ ಕಥೆ. ದ್ವೀಪದವರ ಸ್ವಂತ ನಾಷ್ಟಾ 'ಮಸ್ ಹುನಿ': ಟ್ಯೂನಾ ಮೀನು, ತೆಂಗಿನ ತುರಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಕಲಸಿದ್ದು. ಜೊತೆಗೆ ನಮ್ಮ ಚಪಾತಿಯ ತಂಗಿಯಂತಿರುವ 'ರೋಶಿ'. ಇದರಲ್ಲಿ ಮೀನು, ತೆಂಗು ಅಲ್ಲಿನವು. ಉಳ್ಳಾಗಡ್ಡಿ, ಗೋಧಿಹಿಟ್ಟು ಹೊರಗಿನವು. 1981ರ ಒಪ್ಪಂದದಂತೆ ಭಾರತ ಮಾಲ್ದೀವ್ಸ್‌ಗೆ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಬೇಳೆ, ಆಲೂಗಡ್ಡೆ, ಉಳ್ಳಾಗಡ್ಡಿ, ಮೊಟ್ಟೆಗಳನ್ನು ಕಳಿಸುತ್ತಾ ಬಂದಿದೆ. ಕಟ್ಟಡಕ್ಕೆ ಬೇಕಾದ ನದಿಯ ಮರಳು ಕೂಡ ಇಲ್ಲಿಂದ ಹೋಗುತ್ತದೆ. 2024ರ ಆರಂಭದಲ್ಲಿ ಎರಡು ದೇಶಗಳ ನಡುವೆ ಮಾತಿಗೆ ಮಾತು ಬೆಳೆದು, ಭಾರತದ ಪ್ರವಾಸಿಗರು ಬೇರೆಡೆ ಮುಖ ಮಾಡಿದಾಗಲೂ ಈ ಸಾಮಾನಿನ ರವಾನೆಗೆ ಆ ವರ್ಷ ಅನುಮತಿ ಸಿಕ್ಕಿತು. ಜಗಳವಾದರೂ ನೆರೆಮನೆಯ ಒಲೆ ಆರಬಾರದು ಎಂಬುದು ಹಳೆಯ ನೀತಿಯೇ.

ಎಲ್ಲವೂ ಹಡಗು, ವಿಮಾನಗಳಲ್ಲಿ ಬರುವ ಕಡೆ ಬಿಲ್ಲು ಹಗುರವಾಗಿರಲು ಸಾಧ್ಯವಿಲ್ಲ. ಅದನ್ನು ಓದುವುದೂ ಒಂದು ವಿದ್ಯೆ. ಉದಾಹರಣೆಗೆ, ಜಾಹೀರಾತಿನಲ್ಲಿ ಒಂದು ರಾತ್ರಿಗೆ 300 ಡಾಲರ್ ಎಂದಿರಲಿ, ತೆರಿಗೆ ಬೇರೆ ಎಂದು ಕೆಳಗೆ ಸಣ್ಣಕ್ಷರದಲ್ಲಿ ಇರಲಿ. ಶೇ 10 ಸೇವಾ ಶುಲ್ಕ ಸೇರಿ 330 ಆಯಿತು. ಅದರ ಮೇಲೆ ಪ್ರವಾಸೋದ್ಯಮ ತೆರಿಗೆ. 2025ರ ಜುಲೈಯಿಂದ ಅದು ಶೇ 17. ಅಲ್ಲಿಗೆ 386 ಡಾಲರ್ 10 ಸೆಂಟ್. 2025ರ ಜನವರಿಯಿಂದ ರೆಸಾರ್ಟುಗಳಲ್ಲಿ ಹಸಿರು ತೆರಿಗೆ ತಲೆಗೆ ದಿನಕ್ಕೆ 12 ಡಾಲರ್, ಇಬ್ಬರಿಗೆ 24. ಒಟ್ಟು 410 ಡಾಲರ್ 10 ಸೆಂಟ್. ಮುನ್ನೂರು ಎಂದದ್ದು ನಾನೂರು ದಾಟಿತು. ದೂರದ ದ್ವೀಪವಾದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಕ್ಕೆ ಇನ್ನೂ ನೂರಾರು ಡಾಲರ್ ಬೇರೆ. ಎಂಟನೆಯ ತರಗತಿಯ ಶೇಕಡಾ ಲೆಕ್ಕ ಬಂದವರು ಮೋಸ ಹೋಗುವ ಮಾತಲ್ಲ ಇದು. ಆದರೆ ಮದುವೆಯ ಸಾಲದ ಮೇಲೆ ಮಧುಚಂದ್ರದ ಕಂತನ್ನೂ ಹೇರಿಕೊಳ್ಳುವ ಮುಂಚೆ ಆ ಲೆಕ್ಕವನ್ನು ಗಂಡ-ಹೆಂಡತಿ ಒಟ್ಟಿಗೆ ಕೂತು ಮಾಡಬೇಕು. ಸಂಸಾರದ ಮೊದಲ ಪಾಠ ಅದೇ ಆದರೂ ಕೆಟ್ಟದ್ದೇನಲ್ಲ.

ಖರ್ಚು ತಗ್ಗಿಸುವ ದಾರಿಯೂ ಇದೆ. ಮೊದಲು ಪ್ರವಾಸಿಗರು ರೆಸಾರ್ಟಿನ ದ್ವೀಪಗಳಲ್ಲೇ ಇರಬೇಕಿತ್ತು. 2009ರ ನಂತರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳು ಬಂದವು. ಅಲ್ಲಿ ಉಳಿದರೆ ದುಡ್ಡು ಉಳಿಯುವುದಷ್ಟೇ ಅಲ್ಲ, ದ್ವೀಪದ ಜನ ಹೇಗೆ ಬದುಕುತ್ತಾರೆ ಎಂಬುದೂ ಕಾಣುತ್ತದೆ.

ಮಂಗಳೂರಿಗೆ ಸೇರಿದ್ದ ದ್ವೀಪಗಳು

ಹವಳದ ದ್ವೀಪಗಳು ಕನ್ನಡ ನಾಡಿಗೆ ಹೊಸತಲ್ಲ. ಈಗಿನ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅದಕ್ಕೂ ಹಿಂದೆ ಅವು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿದ್ದವು. ದ್ವೀಪದವರು ಹಾಯಿದೋಣಿಗಳಲ್ಲಿ ತೆಂಗಿನ ನಾರನ್ನು ಮಂಗಳೂರಿಗೆ ತಂದು ಮಾರಿ, ಅಕ್ಕಿ ಒಯ್ಯುತ್ತಿದ್ದರು. ಅಮಿನಿಗೂ ಅಮೀನಗಡಕ್ಕೂ ಹೆಸರಿನ ಸದ್ದು ಬಿಟ್ಟರೆ ನಂಟಿಲ್ಲ. ಆದರೆ ನೀರಿನ ಚಿಂತೆ ಎರಡಕ್ಕೂ ಒಂದೇ.

ಆ ಚಿಂತೆಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಒಂದು ಉತ್ತರ ಕೊಟ್ಟಿತು. ಗಾಳಿಯ ಒತ್ತಡ ತಗ್ಗಿಸಿದರೆ ನೀರು ಕಡಿಮೆ ಶಾಖದಲ್ಲೇ ಆವಿಯಾಗುತ್ತದೆ. ಬೆಚ್ಚಗಿರುವ ಮೇಲ್ಪದರದ ಕಡಲನೀರನ್ನು ಹೀಗೆ ಆವಿ ಮಾಡಿ, ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಣಿಸಿದರೆ ಸಿಹಿನೀರು ಸಿದ್ಧ. ದಿನಕ್ಕೆ ಒಂದು ಲಕ್ಷ ಲೀಟರ್ ಕೊಡುವಂತೆ ಘಟಕ ಕಟ್ಟಿದರು. 2011ರ ಜನಗಣತಿಯಲ್ಲಿ ಕವರತ್ತಿಯ ಜನ 11 ಸಾವಿರ ಚಿಲ್ಲರೆ. ಹಂಚಿದರೆ ತಲೆಗೆ ಸುಮಾರು ಒಂಬತ್ತು ಲೀಟರ್. ಕುಡಿಯಲು, ಅಡಿಗೆಗೆ ಸಾಕು, ಈಜುಕೊಳಕ್ಕೆ ಸಾಲದು. ಲಕ್ಷದ್ವೀಪಕ್ಕೆ ಹೋಗಲು ಅನುಮತಿ ಪತ್ರ ಬೇಕೆಂದು ಗೊಣಗುವ ಪ್ರವಾಸಿಗರು ಈ ಒಂಬತ್ತು ಲೀಟರನ್ನು ನೆನೆಯಬೇಕು. ಅತಿಥಿ ಹೆಚ್ಚಿದಷ್ಟೂ ಮನೆಯವನ ಪಾಲು ಕಡಿಮೆ.

ತುಂಗಭದ್ರೆಯ ನಡುಗಡ್ಡೆ

ದ್ವೀಪದ ಆತಿಥ್ಯಕ್ಕೆ ಮಿತಿಯಿದೆ ಎಂಬುದನ್ನು ಕಲಿಯಲು ಕಡಲನ್ನೇ ದಾಟಬೇಕೆಂದಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಂಡೆಯಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರಗಡ್ಡಿ ಇದೆ. ಸುತ್ತ ತುಂಗಭದ್ರೆ, ಮಗ್ಗುಲಲ್ಲಿ ಬಂಡೆಗಲ್ಲಿನ ಗುಡ್ಡ, ನಡುವೆ ಭತ್ತದ ಗದ್ದೆ. ದೋಣಿ ದಾಟಿ ಬಂದ ವಿದೇಶಿ ಜೋಡಿಗಳಿಗಾಗಿ ಇಲ್ಲಿ ಗುಡಿಸಲು ಮಾದರಿಯ ಕೋಣೆಗಳೂ, ಇಸ್ರೇಲಿನ ತಿಂಡಿ ಕೂಡ ಸಿಗುವ ಹೋಟೆಲುಗಳೂ ಒಂದಾದ ಮೇಲೊಂದು ಎದ್ದವು. ಆದರೆ ಇದು 1988ರಲ್ಲೇ ಸರ್ಕಾರ ಸಂರಕ್ಷಿತವೆಂದು ಸಾರಿದ್ದ ಪ್ರದೇಶ. 2019ರ ಆಗಸ್ಟಿನ ಪ್ರವಾಹದಲ್ಲಿ ಗಡ್ಡಿಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕಟ್ಟಡಗಳನ್ನು ತೆರವುಗೊಳಿಸುವ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವು ನೆಲಸಮವಾದವು. ಅವನ್ನೇ ನಂಬಿ ಬದುಕು ಕಟ್ಟಿಕೊಂಡಿದ್ದ ಸ್ಥಳೀಯ ಕುಟುಂಬಗಳ ಗಳಿಕೆಯೂ ಅವುಗಳೊಂದಿಗೆ ಹೋಯಿತು. ಕಟ್ಟುವ ಮೊದಲ ದಿನವೇ ಮಿತಿ ಹಾಕಿದ್ದರೆ ಕೆಡವುವ ದಿನ ಬರುತ್ತಿರಲಿಲ್ಲ.

ದ್ವೀಪಕ್ಕೆ ಹೋಗುವುದು ತಪ್ಪಲ್ಲ. ಬೆವರಿನ ದುಡ್ಡಿನಲ್ಲಿ ನಾಲ್ಕು ದಿನ ಕಡಲು ನೋಡುವ ಆಸೆ ಯಾರಿಗೂ ಇರಬಹುದು. ಅತಿಥಿಗಳ ದುಡ್ಡೇ ಅಲ್ಲಿನವರ ಅನ್ನ. ಆದರೆ ಕೊಡ ನೀರಿನ ಬೆಲೆ ಬಲ್ಲ ಊರಿನಿಂದ ಹೋದವರು ಆ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ದಿನಕ್ಕೊಮ್ಮೆ ಚಾದರ ಬದಲಿಸುವುದು ಬೇಡ ಎನ್ನುವುದಕ್ಕೆ, ನಲ್ಲಿ ಬಿಗಿಯಾಗಿ ತಿರುಗಿಸುವುದಕ್ಕೆ, ಹವಳದ ಮೇಲೆ ಕಾಲಿಡದಿರುವುದಕ್ಕೆ, ತಂದ ಪ್ಲಾಸ್ಟಿಕ್ ತಿರುಗಿ ಒಯ್ಯುವುದಕ್ಕೆ ಡಾಲರ್ ಬೇಕಿಲ್ಲ. ಮಾಲೆಯ ಪಕ್ಕದ ತಿಲಫುಶಿಯಲ್ಲಿ 1992ರಿಂದ ಕಸ ಸುರಿದು ಸುರಿದೇ ಒಂದು ದ್ವೀಪ ಎದ್ದು ನಿಂತಿದೆ. ಪ್ರವಾಸದ ಜಾಹೀರಾತುಗಳಲ್ಲಿ ಅದರ ಚಿತ್ರ ಇರುವುದಿಲ್ಲ.

ಅಲ್ಲಿಯೂ ಕರದಂಟಿನ ದಾಯಾದಿಯಂಥ ಒಂದು ಸಿಹಿ ಇದೆ. ತೆಂಗಿನ ತುರಿಯನ್ನು ಸಿಹಿಪಾಕದಲ್ಲಿ ಬೇಯಿಸಿ, ಒಣ ಬಾಳೆಲೆಯಲ್ಲಿ ಸುತ್ತಿದ 'ಬೊಂಡಿ'. ಇದ್ದುದನ್ನು ಹಾಳು ಮಾಡದೆ, ದಾರಿಗೂ ನಾಳೆಗೂ ಉಳಿಯುವಂತೆ ಕಟ್ಟಿಡುವ ಕೈಗುಣ ಎರಡರಲ್ಲೂ ಒಂದೇ. ದ್ವೀಪದ ಅಡಿಗೆಮನೆಗೂ ಬಯಲುಸೀಮೆಯ ಅಡಿಗೆಮನೆಗೂ ಅದನ್ನು ಕಲಿಸಿದ್ದು ಕೊರತೆಯೇ.